ಅಜ್ಜಿಮುಸುಕಿನ ಮೇಲೊಂದು ಹೂಂ

ಕಡಲಿಗೆ ಮುಖ ಮಾಡಿ ನಿಂತ ಆ ಶಿಖರವನ್ನು ಬೆಲ್ಲಾ ಕೂಲಾ ಕಣಿವೆಯವರು ಅಜ್ಜಿಮುಸುಕು ಎಂದೇ ಕರೆಯುತ್ತಿದ್ದರು. ಕೆಳಗೆ ಮಳೆ, ಮೇಲೆ ಹಿಮ, ನಡುವೆ ಮೋಡ. ಅದರ ತಲೆ ಕಂಡವರೇ ಕಡಿಮೆ. ಶಾಲೆಯ ಬಸ್ಸು ಓಡಿಸುವ ರಾಗ್ನಾ, ದೋಣಿ ರಿಪೇರಿಯ ಐಲರ್ಟ್, ಇಬ್ಬರಿಗೂ ಅರವತ್ತರ ಹತ್ತಿರ. ಮದುವೆಯ ಮಾತು ಎತ್ತುವುದಾದರೆ ಆ ತುದಿಯ ಮೇಲೇ ಎಂದು ಐಲರ್ಟ್ ಹಟ ಹಿಡಿದಿದ್ದ. ಬೇಸಿಗೆ ಬೇಸಿಗೆಗೂ ಮಳೆ ಅವರನ್ನು ಅರ್ಧದಾರಿಯಿಂದಲೇ ಓಡಿಸುತ್ತಿತ್ತು. ಹೂಂ ಎನ್ನುವ ಮಾತನ್ನು ನಾಲಿಗೆ ತುದಿಯಲ್ಲಿ ಇಟ್ಟುಕೊಂಡು ರಾಗ್ನಾಳಿಗಂತೂ ಸಾಕುಸಾಕಾಗಿತ್ತು.

ಈ ಸಲ ಹತ್ತಿಯೇಬಿಟ್ಟರು. ಮುಳ್ಳುಪೊದೆ ದಾಟಿ, ಹಿಮದಲ್ಲಿ ಮೊಣಕಾಲುದ್ದ ಹೂತು, ಇನ್ನು ಹತ್ತಲು ನೆಲವೇ ಇಲ್ಲ ಎನ್ನುವಲ್ಲಿ ನಿಂತರು. ಸುತ್ತಲೂ ಬರೀ ಮೋಡ. ಐಲರ್ಟ್ ಮಂಡಿಯೂರಿದ.

“ನನ್ನ ಮದುವೆ ಆಗ್ತೀಯಾ, ರಾಗ್ನಾ?”

“ಹೂಂ ಕಣೋ. ಮೊದ್ಲು ಏಳು, ಮಂಡಿ ಹಿಡ್ಕೊಂಡ್ರೆ ನಿನ್ನ ಹೊತ್ಕೊಂಡು ಇಳಿಯೋಳು ನಾನೇ.”

ಇಬ್ಬರೂ ಕೈಕೈ ಹಿಡಿದು ಕುಣಿದರು. ಹೊಗೆಯಲ್ಲಿ ಒಣಗಿಸಿದ ಸಾಲ್ಮನ್ ಮೀನನ್ನು ಒಬ್ಬರ ಬಾಯಿಗೊಬ್ಬರು ಇಟ್ಟರು. ಅಷ್ಟರಲ್ಲಿ ಗಾಳಿ ಬೀಸಿ ಮೋಡ ಸರಿಯಿತು. ಎದುರಿಗೇ, ಕೂಗಳತೆಯಲ್ಲಿ, ಇನ್ನೊಂದು ತುದಿ. ಇವರು ನಿಂತದ್ದಕ್ಕಿಂತ ಒಂದು ಮನೆಯಷ್ಟು ಎತ್ತರ. ಇಷ್ಟು ಹೊತ್ತೂ ಇವರು ಕುಣಿದದ್ದು ಅಜ್ಜಿಯ ಹೆಗಲ ಮೇಲೆ.

ಐಲರ್ಟನ ಮುಖ ಸಪ್ಪಗಾಯಿತು. “ಹಾಗಾದ್ರೆ ಇದು ಲೆಕ್ಕಕ್ಕಿಲ್ಲ.”

“ಯಾವುದು?”

“ನಾನು ಕೇಳಿದ್ದು. ನೀನು ಹೇಳಿದ್ದೂ. ತುದಿ ಮುಟ್ಟದೆ ಹತ್ತಿದೀವಿ ಅನ್ನೋಕಾಗುತ್ತಾ?”

ಬೆಟ್ಟ ಹತ್ತುವವರ ಲೆಕ್ಕವೇ ಹಾಗೆ. ತುದಿಯ ಕಲ್ಲು ಮುಟ್ಟಿದರೆ ಮಾತ್ರ ಹತ್ತಿದಂತೆ. ಆದರೂ ರಾಗ್ನಾಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಕಾದು ಕೊಟ್ಟ ಮಾತನ್ನು ಈ ಮಹಾನುಭಾವ ವಾಪಸು ಕೊಡುತ್ತಿದ್ದಾನೆ. ಅವಳು ಹಿಮಗೊಡಲಿ ಎತ್ತಿಕೊಂಡು ಎದುರಿನ ತುದಿಯತ್ತ ಹೊರಟೇಬಿಟ್ಟಳು. ಸಿಟ್ಟೇ ಕಾಲಿಗೆ ಬಲ ಕೊಟ್ಟಿತು. ತುದಿಯ ಕಲ್ಲನ್ನು ತಟ್ಟಿದಾಗ ಮಾತ್ರ ಆ ಸಿಟ್ಟು ಎಲ್ಲಿ ಹೋಯಿತೋ, ನಗು ಉಕ್ಕಿಬಂತು. ಕೆಳಗೆ ಐಲರ್ಟ್ ಬಾಯಿ ಬಿಟ್ಟುಕೊಂಡು ನಿಂತಿದ್ದ.

“ಈಗ ನಾನು ಕೇಳ್ತಿದೀನಿ,” ಎಂದು ಕೂಗಿದಳು. “ನನ್ನ ಮದುವೆ ಆಗ್ತೀಯೇನೋ?”

“ಹೂಂ.”

“ಅಲ್ಲಿಂದ ಹೇಳಿದ್ರೆ ಲೆಕ್ಕಕ್ಕಿಲ್ಲ ಮಾರಾಯ.”

ಅವನು ಏಳುತ್ತ ಬೀಳುತ್ತ ಹೊರಟ. ಮೋಡ ಮತ್ತೆ ಮುಚ್ಚಿಕೊಂಡಿತು, ಅವನು ಕಾಣದಾದ. ಅವನಿಗೆ ದಾರಿ ತಪ್ಪಬಾರದೆಂದು ಅವಳು ಕೊಡಲಿಯನ್ನು ಕಲ್ಲಿಗೆ ಬಡಿಯುತ್ತ ಕೂತಳು. ಏದುಸಿರಿನ ನಡುವೆ ಹೂಂ, ಹೂಂ ಎನ್ನುವ ದನಿ ಹತ್ತಿರ ಹತ್ತಿರ ಬಂತು. ರಾಗ್ನಾ ಕೈಗವಸು ಕಳಚಿ ಆ ದನಿಯ ಕಡೆಗೆ ಕೈ ಚಾಚಿದಳು.