ಎಂಟನೆಯವನು

ಆ ಬೀದಿಯಲ್ಲಿ ಎಲ್ಲರೂ ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವನ ಕಸುಬು. ಬೀದಿಯ ಉದ್ದಕ್ಕೂ ಲೇತು, ವೆಲ್ಡಿಂಗು, ಪಂಪು ರಿಪೇರಿಯ ಅಂಗಡಿಗಳಿದ್ದ ಕಾಲದಲ್ಲಿ ಅಲ್ಲಿನ ಕೆಲಸಗಾರರೇ ಸೇರಿ ಒಂದು ಕ್ರಿಕೆಟ್ ಕ್ಲಬ್ಬು ಕಟ್ಟಿಕೊಂಡಿದ್ದರು. ಅವನು ಮೀಸೆ ಮೂಡುವ ಮುಂಚೆ ಅದಕ್ಕೆ ಸೇರಿದವನು. ಈಗ ಮೀಸೆ ಪೂರ್ತಿ ಬೆಳ್ಳಗಾಗಿತ್ತು.

ಕ್ಲಬ್ಬು ಹೇಳಿಕೊಳ್ಳುವಂಥದ್ದೇನೂ ಗೆದ್ದಿರಲಿಲ್ಲ. ಲೀಗಿನ ಕೊನೆಯ ವಿಭಾಗದಿಂದ ಒಂದೇ ಒಂದು ಸಲ ಮೇಲಕ್ಕೆ ಹೋಗಿ, ಮರುವರ್ಷವೇ ಸದ್ದಿಲ್ಲದೆ ಕೆಳಗಿಳಿದಿತ್ತು. ಆದರೂ ಅವನಿಗೆ ಅದೇ ಪ್ರಪಂಚ. ಹೆಣ್ಣಿನ ಮನೆಯವರು ಅವನನ್ನು ನೋಡಲು ಬಂದ ದಿನವೂ ಅವನು ಮೈದಾನದಲ್ಲೇ ಇದ್ದ. ಹುಡುಕಿಕೊಂಡು ಹೋದ ಹೆಣ್ಣಿನ ತಮ್ಮನನ್ನು, ಜನ ಕಡಿಮೆಯೆಂದು, ಫೀಲ್ಡಿಂಗಿಗೆ ನಿಲ್ಲಿಸಿಕೊಂಡ. ಇಬ್ಬರೂ ಮೈಯೆಲ್ಲ ಮಣ್ಣಾಗಿ ಮನೆಗೆ ಬಂದರು. ಮದುವೆಯೇನೋ ಆಯಿತು. ಆ ಬಾಮೈದ ಮುಂದೆ ಅವನ ಜೊತೆ ಇನ್ನಿಂಗ್ಸ್ ಆರಂಭಿಸುವ ಆಟಗಾರನಾದ.

"ನನ್ನ ಗಂಡನನ್ನೂ ತಿಂತು, ನನ್ನ ತಮ್ಮನನ್ನೂ ತಿಂತು ಆ ಹಾಳು ಕ್ಲಬ್ಬು," ಎಂದು ಹೆಂಡತಿ ಬಿಳಿ ಪ್ಯಾಂಟುಗಳ ಹುಲ್ಲಿನ ಕಲೆ ಉಜ್ಜುತ್ತ ಗೊಣಗುತ್ತಿದ್ದಳು.

ಬರಬರುತ್ತ ಅಂಗಡಿಗಳು ಮುಚ್ಚಿದವು. ಮೋಟಾರು ಸುಟ್ಟರೆ ಜನ ಹೊಸದನ್ನೇ ತರತೊಡಗಿದರು. ಅಂಗಡಿಗಳ ಜೊತೆ ಆಟಗಾರರೂ ಹೋದರು. ಉಳಿದವರನ್ನು ಒಟ್ಟುಗೂಡಿಸುವುದೇ ಕ್ಯಾಪ್ಟನ್ನನ ವಾರದ ಕೆಲಸವಾಯಿತು. ಒಬ್ಬನಿಗೆ ಬೆನ್ನುನೋವು, ಇನ್ನೊಬ್ಬನಿಗೆ ಪಾಳಿ, ಮತ್ತೊಬ್ಬನ ಹೆಂಡತಿ ಬಾಗಿಲಲ್ಲೇ ನಿಂತು, "ಅವರು ಮನೇಲಿಲ್ಲ" ಎನ್ನುವಳು. ಒಳಗೆ ಅವನ ಕೆಮ್ಮು ಕೇಳಿಸುತ್ತಿರುತ್ತಿತ್ತು.

ಟಾಸಿನ ಹೊತ್ತಿಗೆ ಎಂಟು ಜನರಾದರೂ ಇರಬೇಕೆಂಬುದು ಲೀಗಿನ ನಿಯಮ. ಒಂದೇ ವರ್ಷದಲ್ಲಿ ಎರಡು ಸಲ ಜನ ಸಾಲದೆ ಹೋದರೆ ಕ್ಲಬ್ಬನ್ನೇ ಲೀಗಿನಿಂದ ತೆಗೆದುಹಾಕುತ್ತಿದ್ದರು. ಒಂದು ಸಲ ಆಗಲೇ ಆಗಿಹೋಗಿತ್ತು. ಮುಂದಿನ ಭಾನುವಾರದ ಪಂದ್ಯ ಊರಿನ ದೊಡ್ಡ ಕ್ಲಬ್ಬಿನ ಎರಡನೇ ತಂಡದ ಮೇಲೆ. ಕ್ಯಾಪ್ಟನ್ ಆರು ಜನರನ್ನು ಒಪ್ಪಿಸಿದ. ತಾನೂ ಸೇರಿ ಏಳು. ಎಂಟನೆಯವನು ಬಾಮೈದ.

"ಭಾವ, ನನ್ನ ಮಂಡಿ ನೋಡಿ," ಎಂದ ಬಾಮೈದ. "ಮೆಟ್ಟಿಲು ಹತ್ತೋಕೂ ಆಗಲ್ಲ."

"ನೀನು ಓಡಬೇಡ ಕಣೋ. ಬಂದು ನಿಂತ್ಕೋ ಸಾಕು. ತಲೆ ಎಣಿಸ್ತಾರೆ, ಮಂಡಿ ಅಲ್ಲ."

ಬಾಮೈದ ನಕ್ಕ. ಬರುತ್ತೇನೆ ಎಂದ.

ಭಾನುವಾರ ಅವನೂ ಸೇರಿ ಏಳೇ ಜನರಾದರು. ಅಂಪೈರು ಗಡಿಯಾರ ನೋಡಿಕೊಳ್ಳುತ್ತಿದ್ದ. ಕ್ಯಾಪ್ಟನ್ ಗೇಟಿನ ಕಡೆ ನೋಡಿ ನೋಡಿ ಸೋತ. ಫೋನು ಮಾಡಿದರೆ ಎತ್ತುವವರಿಲ್ಲ. ದೊಡ್ಡ ಕ್ಲಬ್ಬಿನ ಕಾರ್ಯದರ್ಶಿ ಹಲ್ಲಿನ ಡಾಕ್ಟರು, ಒಳ್ಳೆಯ ಮನುಷ್ಯ. "ನಮ್ಮ ಹುಡುಗ ಒಬ್ಬನನ್ನ ಕರ್ಕೊಳ್ಳಿ, ನಾವೇನೂ ಅನ್ನಲ್ಲ," ಎಂದರು. ಅಂಪೈರು ಆಗದೆಂದು ತಲೆಯಾಡಿಸಿದ. ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಬಂದ ಆರು ಜನ ಪ್ಯಾಡು ಕೂಡ ಕಟ್ಟದೆ ಮನೆಗೆ ಹೊರಟರು. ಅವರಲ್ಲಿಬ್ಬರ ಮುಖದಲ್ಲಿ ಹೊರೆ ಇಳಿದ ಭಾವವಿತ್ತು. ಕ್ಯಾಪ್ಟನ್ ಅದನ್ನು ಗಮನಿಸಿದ.

ಸಂಜೆ ಅವನು ಬಾಮೈದನ ಮನೆಗೆ ಹೋದ. ಬಾಮೈದ ಇನ್ನೂ ಬಿಳಿ ಬಟ್ಟೆಯಲ್ಲೇ ಮಂಚದ ಮೇಲೆ ಕೂತಿದ್ದ.

"ಮಂಡಿ ನೋವಾ?"

"ಇಲ್ಲ ಭಾವ. ಬಂದಿದ್ದೆ. ಗೇಟಿನ ಆಚೆ ಗೋಡೆ ಪಕ್ಕ ನಿಂತಿದ್ದೆ."

ಕ್ಯಾಪ್ಟನ್‌ಗೆ ಮೊದಲು ಅರ್ಥವಾಗಲಿಲ್ಲ.

"ನಾನು ಒಳಗೆ ಬಂದಿದ್ರೆ ಎಂಟಾಗ್ತಿತ್ತು," ಎಂದ ಬಾಮೈದ. "ಮುಂದಿನ ವಾರ ಮತ್ತೆ ಮನೆಮನೆ ತಿರುಗ್ತಿದ್ರಿ. ಜನ ನಿಮ್ಮನ್ನ ಕಂಡ್ರೆ ಬಾಗಿಲು ಹಾಕ್ಕೊಳ್ತಾರೆ ಭಾವ. ಅದನ್ನ ನನ್ನ ಕೈಲಿ ನೋಡಕ್ಕಾಗಲ್ಲ."

ಕ್ಯಾಪ್ಟನ್ ಬಯ್ಯಲಿಲ್ಲ. ಬಾಮೈದನ ಹೆಂಡತಿ ತಂದಿಟ್ಟ ಚಹಾ ಆರುವ ತನಕ ಕೂತಿದ್ದು, ಎದ್ದು ಬಂದ.

ಲೀಗಿನಿಂದ ಕ್ಲಬ್ಬಿನ ಹೆಸರು ಹೋಯಿತು. ಭಾನುವಾರಗಳು ಅವನ ಮೈಮೇಲೆ ಬಂದು ಬಿದ್ದವು. ಬೆಳಗಿನಿಂದ ಅಡುಗೆಮನೆಗೂ ಬಾಗಿಲಿಗೂ ಓಡಾಡುವನು. ಬೈಗುಳಕ್ಕೆ ಕ್ಲಬ್ಬೇ ಇಲ್ಲದೆ ಹೆಂಡತಿಯೂ ಮಂಕಾದಳು. ಒಂದು ದಿನ ಅವಳೇ ಹೇಳಿದಳು: "ಆ ದೊಡ್ಡ ಕ್ಲಬ್ಬಿನವರು ಆಗ ನಿಮ್ಮನ್ನ ಕರೆದಿದ್ರಲ್ಲ. ಒಂದು ಸಲ ಹೋಗಿ ಕೇಳಿ."

ಅವನು ಪ್ರಾಯದಲ್ಲಿದ್ದಾಗ ಅವರು ಕರೆದದ್ದು ನಿಜ. ನಮ್ಮವರನ್ನು ಬಿಟ್ಟು ಬರುವುದಿಲ್ಲವೆಂದು ಎದೆಯುಬ್ಬಿಸಿ ಹೇಳಿ ಕಳಿಸಿದ್ದ. ಈಗ ಶರ್ಟು ಇಸ್ತ್ರಿ ಮಾಡಿಸಿಕೊಂಡು ಡಾಕ್ಟರ ಕ್ಲಿನಿಕ್ಕಿಗೆ ಹೋಗಿ, ಹಲ್ಲುನೋವಿನವರ ನಡುವೆ ಸರದಿಗೆ ಕಾದ.

"ಆಡೋಕಲ್ಲ ಡಾಕ್ಟ್ರೇ. ಸ್ಕೋರು ಬರೆಯೋದು, ಪಿಚ್ಚು ನೋಡ್ಕೊಳ್ಳೋದು, ನೀರು ಕೊಡೋದು, ಏನಾದ್ರೂ ಸರಿ."

ಡಾಕ್ಟರು ಕೈಗವಸು ಬಿಚ್ಚಿದರು. ಅವರಿಗೆ ನಿಜವಾಗಿಯೂ ಸಂಕಟವಾಯಿತು. "ಎಲ್ಲದಕ್ಕೂ ಜನ ಇದ್ದಾರಲ್ಲ ಕ್ಯಾಪ್ಟನ್. ಸ್ಕೋರು ಈಗ ಫೋನಲ್ಲೇ ಹಾಕ್ತಾರೆ. ನೀವು ಸುಮ್ನೆ ಪಂದ್ಯ ನೋಡೋಕೆ ಬನ್ನಿ. ಮುಂದಿನ ಸಾಲಲ್ಲೇ ಕುರ್ಚಿ ಹಾಕಿಸ್ತೀನಿ."

ಆಗಲಿ ಎಂದು ಅವನು ಎದ್ದ. ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನಂದ್ರು?"

"ಅವರಿಗೆ ಜನ ಜಾಸ್ತಿ ಇದ್ದಾರಂತೆ," ಎಂದು ಅವನು ಚಪ್ಪಲಿ ಬಿಚ್ಚಿದ.

ಮುಂದಿನ ಭಾನುವಾರ ಅವನು ಆ ಕುರ್ಚಿಗೆ ಹೋಗಲಿಲ್ಲ. ತನ್ನ ಮೋಟಾರು ರಿಪೇರಿಯ ಅಂಗಡಿ ತೆಗೆದು ಕೂತ. ಬೀದಿಯಲ್ಲಿ ತೆರೆದಿದ್ದುದು ಅದೊಂದೇ. ಮಧ್ಯಾಹ್ನದವರೆಗೂ ಯಾರೂ ಬರಲಿಲ್ಲ.