ಬಂದೂಕಿನ ಬಾಯಿಗೆ ತೆಂಗಿನಕಾಯಿ

ಸ್ವರಾಜ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಮೇಲವಂಕಿಯ ಬೆಳೆಗಾವಲುಗಾರ ಲಗಮಪ್ಪನ ಮದ್ದು ಜಡಿಯುವ ಬಂದೂಕಿಗೆ ಊರ ನಾಯಿ, ಕೋಳಿ, ಕೂಸುಗಳೆಲ್ಲ ಹೆದರುತ್ತಿದ್ದವು. ಹೆದರದಿದ್ದವು ಕಾಡುಹಂದಿಗಳು ಮಾತ್ರ. ಹಾಳಾದ್ದು, ಗುರಿ ಇಟ್ಟದ್ದು ಹಂದಿಗೆ, ಗುಂಡು ಬೀಳುತ್ತಿದ್ದುದು ಬದುವಿನ ಜಾಲಿಗೆ! "ನಳಿಗಿ ಡೊಂಕೈತ್ರಿ" ಎಂದು ಅವನು ಗೋಗರೆದರೆ, "ಕುಣ್ಯಾಕ ಬರದಾಕಿ ನೆಲಾ ಡೊಂಕಂದ್ಲಂತ" ಎಂದು ಊರೇ ಹಲ್ಲು ಕಿರಿಯುತ್ತಿತ್ತು.

ಹಂದಿಗಳು ಅರ್ಧ ಶೇಂಗಾ ಹೊಲ ಬುಡಮೇಲು ಮಾಡಿದ ಮೇಲೆ ಊರ ಹಿರಿಯ ಗುರುಲಿಂಗಪ್ಪ ನಗುವುದನ್ನು ಬಿಟ್ಟ. "ದಸರಾದ ಖಂಡೇ ಪೂಜಿ ದಿವಸ ಹೊತ್ತು ಮುಳುಗೂದ್ರಾಗ ಒಂದರೆ ಹಂದಿ ಕೆಡವು. ಇಲ್ಲಾಂದ್ರ ಕಾವಲಿ ಅಂಕಲಗಿ ಕೇದಾರಿಗಿ ಕೊಡ್ತೀವಿ."

ಅಪ್ಪ, ಅಜ್ಜ ಮಾಡಿಕೊಂಡು ಬಂದ ಕಾವಲು! ಲಗಮಪ್ಪನಿಗೆ ಅನ್ನ ಸೇರಲಿಲ್ಲ. ಬಂದೂಕು ಹೊತ್ತು ಯಮಕನಮರಡಿಯ ಕಮ್ಮಾರ ಮಾಲಿಂಗಪ್ಪನ ಕುಲುಮೆಗೆ ಓಡಿದ.

ಮಾಲಿಂಗಪ್ಪ ನಳಿಗೆಯ ತುದಿಯ ಮೇಲೆ ಬೆರಳಾಡಿಸಿ ಕೂಗಿಯೇಬಿಟ್ಟ. "ನಳಿಗಿ ನೆಟ್ಟಗೈತೊ ಮಾರಾಯಾ! ಬಾಯಿ ಅಂಚು ಒಂದ ಕಡಿ ಜಜ್ಜೇತಿ. ಗುಂಡು ಹೊರಬೀಳುವಾಗ ಅದಕ್ಕ ತಾಗಿ ಬಾಜೂಕ ಹಾರತೈತಿ. ಇದರ ಮ್ಯಾಲ ಏನ್ ಕುಟ್ತೀದಿ?"

"ಏನಿಲ್ರಿ. ವರ್ಷಾ ಖಂಡೇ ಪೂಜಿಗಿ ನಮ್ಮವ್ವ ಇದರ ಬಾಯಿಗಿ ಕಾಯಿ ಒಡೀತಾಳ."

"ಒಡಿಯಾಕ ಕಲ್ಲು ಸಿಗಲಿಲ್ಲೇನು? ನಿಮ್ಮ ಭಕ್ತಿಗಿಷ್ಟು ಬೆಂಕಿ ಹಚ್ಚಲಿ!"

ಬೈಯುತ್ತಲೇ ಜಜ್ಜಿದ ತುದಿಯನ್ನು ಗರಗಸದಿಂದ ಕೊಯ್ದು, ಅರದಿಂದ ಸಮ ಮಾಡಿದ. ಹಿತ್ತಾಳೆ ಗುಂಡಿಗೆ ಎಣ್ಣೆಯಲ್ಲಿ ಕಲಸಿದ ಸಾಣೆಪುಡಿ ಮೆತ್ತಿ, ಬಾಯಿಯ ಒಳ ಅಂಚಿನ ಮೇಲಿಟ್ಟು, ಸುತ್ತಲೂ ಒಂದೇ ಸಮ ಆಗುವ ತನಕ ತಿರುವಿದ. ಹಿತ್ತಲಲ್ಲಿ ಮಡಕೆ ಇಟ್ಟು ಹೊಡೆಸಿದ. ಮಡಕೆ ಚೂರು ಚೂರು. ಲಗಮಪ್ಪ ಖುಷಿಗೆ ಕಮ್ಮಾರನನ್ನೇ ತಬ್ಬಿಕೊಂಡ.

ಖಂಡೇ ಪೂಜೆಯ ಬೆಳಿಗ್ಗೆ ಅವ್ವ ಉದ್ದವ್ವ ಬಂದೂಕಿಗೆ ಭಂಡಾರದ ಅರಿಶಿನ ಬಳಿದು ಕಾಯಿ ಎತ್ತಿದಳು.

"ಬ್ಯಾಡಬೇ ಯವ್ವಾ, ಕಲ್ಲಿಗಿ ಒಡಿ!"

"ದೇವ್ರಿಗಿ ಬ್ಯಾಡ ಅಂತೀ ಏನೋ ಮೂಳಾ?"

ಹಂದಿಗೆ ಎದುರು ನಿಲ್ಲುವ ಗಂಡಸು ಅವ್ವನಿಗೆ ಎಂದೂ ಎದುರಾಡಿದವನಲ್ಲ. ಬೇರೇನೂ ತೋಚದೆ ನಳಿಗೆಯ ಬಾಯಿಗೆ ತನ್ನ ಬಲಗೈಯನ್ನೇ ಅಡ್ಡ ಹಿಡಿದ. ಕಾಯಿ ಬಿತ್ತು. ಬಾಯಿ ಉಳಿಯಿತು, ಕೈ ಕುಂಬಳಕಾಯಿಯಾಯಿತು.

ಸಂಜೆ ಹೊಲಕ್ಕೆ ಹಂದಿ ಬಂತು. ಬಂದೂಕು ನೆಟ್ಟಗಿತ್ತು, ಕುದುರೆ ಎಳೆಯಲು ಬೆರಳೇ ಮಡಚಲೊಲ್ಲದು. ಅವನಿಗೆ ಅಳುವೇ ಬಂತು. ಜೊತೆಗೆ ಬಂದಿದ್ದ ಹೆಂಡತಿ ಸಾತವ್ವ, "ಕೊಡ್ರಿ ಇಲ್ಲಿ, ಹೊತ್ತು ಮುಳಗಾಕತ್ತೈತಿ" ಎಂದು ಕಸಿದುಕೊಂಡು ಬದುವಿನ ಮೇಲೆ ಊರಿ, ಒಂದೇ ಗುಂಡಿಗೆ ಹಂದಿಯನ್ನು ಮಲಗಿಸಿದಳು.

ಸದ್ದಿಗೆ ಊರೇ ಓಡಿ ಬಂತು. ಗುರುಲಿಂಗಪ್ಪ ಹಂದಿಯನ್ನು ನೋಡಿದ, ಲಗಮಪ್ಪನ ಕೈ ನೋಡಿದ.

"ಸಾತವ್ವಾ, ನಾಳಿಂದ ಕಾವಲಿಗಿ ನೀನ ಬಾರವಾ."

"ಮತ್ತ ನಾ ಏನ್ ಮಾಡ್ಲಿರಿ?" ಲಗಮಪ್ಪ ಮುಂದೆ ಬಂದ.

"ಆಕಿ ಹೊಲಕ್ಕ ಬಂದ್ರ ಮನ್ಯಾಗ ಯಾರರೆ ರೊಟ್ಟಿ ಬಡೀಬೇಕಲ್ಲೋ. ಮೊದಲ ಕೈ ಮಾಯಲಿ."