ಇತರೆ ಖರ್ಚು

ನಗರಸಭೆಯ ಲೆಕ್ಕಾಧಿಕಾರಿ ಮಾತಿನಲ್ಲಿ ಯಾರಿಗೂ ಸೊಪ್ಪು ಹಾಕುವವಳಲ್ಲ. ಪೈಪಿನ ಗುತ್ತಿಗೆದಾರ ಸುಳ್ಳು ಬಿಲ್ಲು ತಂದರೆ ನಿಂತಲ್ಲೇ ಬೆವರಿಳಿಸುತ್ತಿದ್ದಳು. ಒಂದು ಮಾತು ಮಾತ್ರ ಅವಳ ಗಂಟಲು ದಾಟುತ್ತಿರಲಿಲ್ಲ. ಅಮ್ಮ ಬೆಳೆಸಿದ್ದೇ ಹಾಗೆ: ಗಂಡಸರೆದುರು ಹೆಣ್ಣುಮಕ್ಕಳು ಅದರ ಹೆಸರೆತ್ತಬಾರದು. ಮನೆಯಲ್ಲೂ "ಕೈಕಾಲು ತೊಳೆದು ಬರ್ತೀನಿ" ಎಂದೇ ರೂಢಿ.

ಹಾಗಾಗಿ ಬಸ್ ನಿಲ್ದಾಣದಲ್ಲಿ ಹಾಳುಬಿದ್ದಿದ್ದ ಹೆಂಗಸರ ಶೌಚಾಲಯದ ದುರಸ್ತಿಗೆ ಹಣ ಎತ್ತಿಡುವಾಗ, ಬಜೆಟ್ಟಿನಲ್ಲಿ ಅದನ್ನು "ಇತರೆ ಖರ್ಚು" ಎಂದು ಬರೆದಳು. ಭಾರೀ ಜಾಣತನ ಮಾಡಿದೆ ಎಂದುಕೊಂಡಳು ಪುಣ್ಯಾತ್ಗಿತ್ತಿ.

ಸಭೆಯಲ್ಲಿ, ನಿಲ್ದಾಣದ ಮುಂದೆ ಕಟ್ಟಿಸಬೇಕೆಂದಿದ್ದ ಕಾರಂಜಿಗೆ ಹಣ ಸಾಲದೆ ಬಂತು. ಅಧ್ಯಕ್ಷರು ಕನ್ನಡಕ ಏರಿಸಿದರು. "ಇತರೆ ಅಂತ ಇಷ್ಟೊಂದು ಇದ್ಯಲ್ಲಮ್ಮ, ಏನದು?"

ಮೇಜಿನ ಸುತ್ತ ಎಲ್ಲರೂ ಗಂಡಸರೇ. ಅವಳ ಕಿವಿ ಬಿಸಿಯಾಯಿತು.

"ಅಂಥಾ ಮುಖ್ಯವಾದ್ದೇನಿಲ್ಲ ಸರ್."

"ಹಾಗಿದ್ರೆ ಕಾರಂಜಿಗೆ ಹಾಕ್ಬಿಡಿ."

ಹಾಕಿಬಿಟ್ಟಳು.

ಕಾರಂಜಿ ಚೆನ್ನಾಗಿಯೇ ಆಯಿತು. ಮಗಳ ಕಚೇರಿಯವರು ಕಟ್ಟಿಸಿದ್ದು ಎಂಬ ಹೆಮ್ಮೆಯಿಂದ ಅಮ್ಮ ಅದನ್ನು ನೋಡಲೆಂದೇ ದೂರದಿಂದ ಬಸ್ಸು ಹತ್ತಿ ಬಂದಳು. ಕರೆದೊಯ್ಯಲು ಮಗಳು ನಿಲ್ದಾಣಕ್ಕೆ ಹೋದಾಗ ಕಾರಂಜಿಯ ಸುತ್ತ ಜನ ಸೇರಿ ನಗುತ್ತಿದ್ದರು. ನಡುವೆ, ಸೊಂಟದವರೆಗಿನ ನೀರಿನಲ್ಲಿ, ಅಮ್ಮ.

"ಜಾರಿಬಿದ್ದೆ ಕಣೇ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ತಾನೂ ನಕ್ಕಳು.

ಮಗಳು ಕೈಕೊಟ್ಟು ಮೇಲೆತ್ತಿದಳು. ಜನ ಚದುರಿದ ಮೇಲೆ ಅಮ್ಮ ಅವಳ ಕಿವಿಗೆ ಬಾಯಿಟ್ಟಳು.

"ಜಾರಿಬೀಳ್ಲಿಲ್ಲ. ದಾರಿಯುದ್ದಕ್ಕೂ ತಡ್ಕೊಂಡು ಬಂದೆ. ಇಲ್ಲಿ ನೋಡಿದ್ರೆ ಗಂಡಸರದ್ದೊಂದೇ ತೆರೆದಿದೆ, ನಮ್ಮದಕ್ಕೆ ಹಲಗೆ ಹೊಡೆದಿದ್ದಾರೆ. ಬಾಗಿಲ ಹತ್ರಾನೇ ಬಟ್ಟೆಯೆಲ್ಲಾ ಒದ್ದೆಯಾಗೋಯ್ತು. ಯಾರಾದ್ರೂ ನೋಡಿಬಿಟ್ರೆ ಅಂತ ನೀರಿಗಿಳಿದೆ."

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಮಗಳಿಗೆ. ತನ್ನ ಮೇಲೇ ಹೇಸಿಗೆಯಾಯಿತು. ಮೈಮೇಲಿದ್ದ ಶಾಲನ್ನು ತೆಗೆದು ಅಮ್ಮನ ಸೊಂಟಕ್ಕೆ ಸುತ್ತಿದಳು.

"ನಿಮ್ಮ ಆಫೀಸಲ್ಲಿ ಒಂದು ಮಾತು ಹೇಳಿ ರಿಪೇರಿ ಮಾಡಿಸೋಕಾಗಲ್ವೇನೇ?" ಎಂದಳು ಅಮ್ಮ. ಆಮೇಲೆ ತಾನೇ ತಲೆಯಾಡಿಸಿದಳು. "ಹೋಗ್ಲಿ ಬಿಡು. ಅಷ್ಟು ಜನ ಗಂಡಸರ ಮುಂದೆ ನೀನಾದ್ರೂ ಹೇಗೆ ಹೇಳ್ತೀಯ ಪಾಪ."

ಆ ಹಣದಲ್ಲೇ ಈ ಕಾರಂಜಿ ಆಗಿದ್ದು ಎಂದು ಹೇಳಲು ಮಗಳು ಬಾಯಿ ತೆರೆದಳು. ಎದುರಿಗಿದ್ದದ್ದು ಗಂಡಸರಲ್ಲ, ಹೆತ್ತ ತಾಯಿ. ಆದರೂ ಮಾತು ಹೊರಡಲಿಲ್ಲ.